ಎಲ್ಲರ ಹೆಸರೂ ಗಿಟ್
ದತ್ತಿ ಉಪನ್ಯಾಸದ ಮುದ್ರಿತ ರೂಪ



ನಮ್ಮ ಕಾಲದ ಒಂದು ತಂತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ನಿಮ್ಮಲ್ಲಿ ಅನೇಕರು ದಿನವೂ ಬಳಸುವ, ಆದರೆ ನಿಂತು ನೋಡದೇ ದಾಟಿಹೋಗುವ ಒಂದು ಸಂಗತಿಯನ್ನು. ಗಿಟ್‌ಹಬ್‌ನಲ್ಲಿ ನಿಮ್ಮ ರೆಪೊದ ಎಸ್‌ಎಸ್‌ಎಚ್ ವಿಳಾಸವನ್ನು ಒಮ್ಮೆ ಗಮನಿಸಿ. ಮೊದಲಿಗೆ ಗಿಟ್ ಎಂಬ ಪದ, ಆಮೇಲೆ ಅಟ್ ಚಿಹ್ನೆ, ಆಮೇಲೆ ಗಿಟ್‌ಹಬ್ ಡಾಟ್ ಕಾಮ್. ಅಟ್ ಚಿಹ್ನೆಯ ಹಿಂದೆ ಇರಬೇಕಾದದ್ದು ಲಾಗಿನ್ ಆಗುವವರ ಹೆಸರು. ಅಲ್ಲಿ ನಿಮ್ಮ ಹೆಸರಿಲ್ಲ. ಪಕ್ಕದಲ್ಲಿ ಕೂತವರ ವಿಳಾಸದಲ್ಲೂ ಅದೇ ಗಿಟ್. ಬೆಂಗಳೂರಿನಿಂದ ಪುಶ್ ಮಾಡುವವರಿಗೂ ಬರ್ಲಿನ್‌ನಿಂದ ಪುಶ್ ಮಾಡುವವರಿಗೂ ಅದೇ. ಗಿಟ್‌ಲ್ಯಾಬ್‌ನಲ್ಲೂ ಹಾಗೆಯೇ. ಲಕ್ಷಾಂತರ ಜನ ಒಂದೇ ಹೆಸರಿನಲ್ಲಿ, ಪಾಸ್‌ವರ್ಡ್ ಹೇಳದೆ ಒಳಗೆ ಬರುತ್ತಾರೆ. ಆದರೂ ನಿಮ್ಮ ಕೋಡ್ ನಿಮ್ಮ ರೆಪೊಗೇ ಹೋಗುತ್ತದೆ. ಇನ್ನೊಬ್ಬರ ಖಾಸಗಿ ರೆಪೊವನ್ನು ಕೇಳಿದರೆ ಸರ್ವರ್ ನಿಮಗೆ ಕೊಡುವುದಿಲ್ಲ. ಬಂದವರು ಯಾರೆಂದು ಅದಕ್ಕೆ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಎರಡು ತುಂಡಾಗಿದೆ. ಒಂದು ತುಂಡು ಗಣಿತ, ಇನ್ನೊಂದು ತುಂಡು ಒಂದು ದಾಖಲೆ ಪುಸ್ತಕ. ಗಣಿತವನ್ನು ನಾವು ಬೇಕಾದಷ್ಟು ಹೊಗಳಿದ್ದೇವೆ. ಪುಸ್ತಕದ ಕಡೆಗೆ ತಕ್ಕಷ್ಟು ಗಮನ ಕೊಟ್ಟಿಲ್ಲ ಎಂಬುದೇ ಇಂದು ನಾನು ಹೇಳಬೇಕೆಂದಿರುವ ಮಾತು.

1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳುತ್ತಿದ್ದುದು ಪತ್ತೆಯಾಯಿತು. ಆಗ ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಟೆಲ್‌ನೆಟ್, ಆರ್‌ಲಾಗಿನ್ ಬಳಸುತ್ತಿದ್ದರು. ಕೀಲಿಮಣೆಯಲ್ಲಿ ಒತ್ತಿದ ಒಂದೊಂದು ಅಕ್ಷರವೂ ತಂತಿಯ ಮೇಲೆ ಬೆತ್ತಲೆಯಾಗಿ ಹೋಗುತ್ತಿತ್ತು. ದಾರಿಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಕೂರಿಸಿದರೆ ಸಾಕು, ಹೆಸರೂ ಪಾಸ್‌ವರ್ಡೂ ಸಾಲಾಗಿ ಬಂದು ಬೀಳುತ್ತಿದ್ದವು. ಅಲ್ಲಿದ್ದ ಟಾಟು ಯ್ಲೋನೆನ್ ಎಂಬ ಸಂಶೋಧಕರು ಇದಕ್ಕೆ ಪರಿಹಾರವಾಗಿ ಒಂದು ಪ್ರೋಗ್ರಾಂ ಬರೆದು ಅದೇ ವರ್ಷದ ಜುಲೈನಲ್ಲಿ ಎಲ್ಲರಿಗೂ ಬಿಡುಗಡೆ ಮಾಡಿದರು. ಅದೇ ಎಸ್‌ಎಸ್‌ಎಚ್. ಎಫ್‌ಟಿಪಿಯ ಪೋರ್ಟ್ 21, ಟೆಲ್‌ನೆಟ್‌ನದು 23. ನಡುವೆ ಖಾಲಿಯಿದ್ದ 22ನ್ನು ಅವರು ಕೇಳಿ ಪಡೆದರು. ಇಂದು ಹೆಚ್ಚಿನವರ ಯಂತ್ರದಲ್ಲಿ ಓಡುವುದು ಓಪನ್‌ಬಿಎಸ್‌ಡಿ ತಂಡದವರು 1999ರಲ್ಲಿ ಕಟ್ಟಿದ ಓಪನ್‌ಎಸ್‌ಎಸ್‌ಎಚ್. ಎರಡನೆಯ ಆವೃತ್ತಿಯ ನಿಯಮಗಳು 2006ರ ಜನವರಿಯಲ್ಲಿ ಆರ್‌ಎಫ್‌ಸಿ 4250ರಿಂದ 4254ರವರೆಗಿನ ದಾಖಲೆಗಳಾಗಿ ಪ್ರಕಟವಾದವು. ನಮ್ಮ ಇಂದಿನ ವಿಷಯ ಇರುವುದು 4252ರಲ್ಲಿ.

ಕದ್ದು ಕೇಳುವವರಿಂದ ತಪ್ಪಿಸಿಕೊಳ್ಳಲು ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಳಿಸಿದರೆ ಸಾಕಲ್ಲವೇ, ಪಾಸ್‌ವರ್ಡನ್ನೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪಾಸ್‌ವರ್ಡಿನ ದೋಷ ಅದಕ್ಕಿಂತ ಆಳದಲ್ಲಿದೆ. ನಿಮಗೆ ಗೊತ್ತಿರುವ ಗುಟ್ಟನ್ನು ಸಾಬೀತುಪಡಿಸಲು ಆ ಗುಟ್ಟನ್ನೇ ಎದುರಿನವರಿಗೆ ಕೊಡಬೇಕು. ಎದುರಿನವರು ಮೋಸಗಾರರಾದರೆ, ಅಥವಾ ಅವರ ಯಂತ್ರಕ್ಕೆ ಕಳ್ಳ ನುಗ್ಗಿದ್ದರೆ, ಅದು ಅಲ್ಲಿಗೆ ಕೈಬಿಟ್ಟ ಹಾಗೆ. ಗುಟ್ಟನ್ನು ಕೊಡದೆಯೇ ಅದು ನನ್ನಲ್ಲಿದೆ ಎಂದು ತೋರಿಸಲು ಸಾಧ್ಯವೇ? ಸಾಧ್ಯ ಎಂಬ ದಾರಿಯನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ತೆರೆದರು. ಮರುವರ್ಷ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಅದಕ್ಕೊಂದು ಬಳಸಬಹುದಾದ ರೂಪ ಕೊಟ್ಟರು; ಅವರ ಹೆಸರಿನ ಮೊದಲಕ್ಷರಗಳೇ ಆರ್‌ಎಸ್‌ಎ.

ಈ ದಾರಿಯಲ್ಲಿ ಒಬ್ಬೊಬ್ಬರ ಬಳಿಯೂ ಜೋಡಿ ಕೀಗಳಿರುತ್ತವೆ, ಒಂದು ಸಾರ್ವಜನಿಕ, ಇನ್ನೊಂದು ಖಾಸಗಿ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಮಾದರಿ ಸಹಿ ಪಡೆದುಕೊಳ್ಳುತ್ತಾರಲ್ಲ, ಸಾರ್ವಜನಿಕ ಕೀ ಎಂದರೆ ಅದು. ಅದನ್ನು ಇಟ್ಟುಕೊಂಡವರು ನಿಮ್ಮ ಸಹಿಯನ್ನು ತಾಳೆ ನೋಡಬಲ್ಲರು. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಕಾಗದದ ಮೇಲಿನ ಮಾದರಿಯನ್ನು ನೋಡಿ ನುರಿತ ಕೈ ನಕಲು ಮಾಡಬಹುದು, ಸಾರ್ವಜನಿಕ ಕೀಯನ್ನು ಎಷ್ಟು ನೋಡಿದರೂ ಅದರಿಂದ ಸಹಿ ಹುಟ್ಟಿಸಲಾಗುವುದಿಲ್ಲ. ಸಹಿ ಹುಟ್ಟುವುದು ಖಾಸಗಿ ಕೀಯಿಂದ ಮಾತ್ರ, ಮತ್ತು ಆ ಖಾಸಗಿ ಕೀ ನಿಮ್ಮ ಯಂತ್ರ ಬಿಟ್ಟು ಕದಲುವುದೇ ಇಲ್ಲ.

ಎಸ್‌ಎಸ್‌ಎಚ್ ಕೀಜೆನ್ ಎಂಬ ಆದೇಶ ಕೊಟ್ಟಾಗ ಎರಡು ಕಡತಗಳು ಹುಟ್ಟುತ್ತವೆ, ಖಾಸಗಿ ಕೀಗೊಂದು, ಸಾರ್ವಜನಿಕ ಕೀಗೊಂದು. ಡಾಟ್ ಪಬ್ ಎಂದು ಕೊನೆಯಾಗುವುದನ್ನು ಒಮ್ಮೆ ತೆರೆದು ನೋಡಿ. ಒಂದೇ ಸಾಲು. ಮೊದಲು ವಿಧಾನದ ಹೆಸರು, ಆಮೇಲೆ ಅರ್ಥವಿಲ್ಲದಂತೆ ಕಾಣುವ ಅಕ್ಷರಗಳು, ಕೊನೆಯಲ್ಲಿ ಒಂದು ಟಿಪ್ಪಣಿ. ನಡುವಿನ ಅಕ್ಷರಗಳು ಯಾವಾಗಲೂ ನಾಲ್ಕು 'ಎ'ಗಳಿಂದಲೇ ಶುರುವಾಗುತ್ತವೆ. ನಿಮ್ಮ ಕೀಯೂ ಹಾಗೇ, ನಿಮ್ಮ ಗೆಳೆಯರದೂ ಹಾಗೇ. ಇದರಿಂದ ಗಾಬರಿಗೊಂಡ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಇಬ್ಬರಿಗೂ ಒಂದೇ ಕೀ ಬಂದುಬಿಟ್ಟಿತೇನೋ ಎಂಬ ಅನುಮಾನ. ಕಾರಣ ಸರಳ. ಈ ನಡುವಿನ ಭಾಗದ ಮೊದಲ ನಾಲ್ಕು ಬೈಟ್‌ಗಳು, ಮುಂದೆ ಬರುವ ವಿಧಾನದ ಹೆಸರು ಎಷ್ಟು ಉದ್ದ ಎಂದು ಹೇಳುತ್ತವೆ. ಹೆಸರು ಚಿಕ್ಕದು, ಹಾಗಾಗಿ ಮೊದಲ ಮೂರು ಬೈಟ್‌ಗಳು ಸೊನ್ನೆ. ಬೇಸ್64 ಬರಹದಲ್ಲಿ ಮೂರು ಸೊನ್ನೆ ಬೈಟ್‌ಗಳೆಂದರೆ ನಾಲ್ಕು 'ಎ'. ಐದನೆಯ ಅಕ್ಷರ 'ಬಿ' ಆಗಿದ್ದರೆ ಅದು ಹಳೆಯ ಆರ್‌ಎಸ್‌ಎ ಕೀ ಇರಬಹುದು, ಏಕೆಂದರೆ ಅದರ ಹೆಸರಿನ ಉದ್ದ 7. 'ಸಿ' ಆಗಿದ್ದರೆ ಈಡಿ25519, ಅದರ ಹೆಸರಿನ ಉದ್ದ 11. ಈಡಿ25519 ಓಪನ್‌ಎಸ್‌ಎಸ್‌ಎಚ್‌ಗೆ ಬಂದದ್ದು 2014ರಲ್ಲಿ. ಅದರಲ್ಲಿ ನಿಜವಾದ ಕೀ 32 ಬೈಟ್ ಮಾತ್ರ. ಹೆಸರು ಮತ್ತು ಉದ್ದದ ಗುರುತುಗಳೂ ಸೇರಿ 51 ಬೈಟ್, ಬೇಸ್64ರಲ್ಲಿ 68 ಅಕ್ಷರ. ಹೊಸದಾಗಿ ಕೀ ಮಾಡಿಕೊಳ್ಳುವವರು ಇದನ್ನೇ ಮಾಡಿಕೊಳ್ಳಿ.

ಈಗ ಪುಶ್ ಒತ್ತಿದ ಕ್ಷಣಕ್ಕೆ ಬರೋಣ. ಮೊದಲು ತನ್ನ ಗುರುತು ತೋರಿಸಬೇಕಾದದ್ದು ಸರ್ವರ್. ಎರಡೂ ಕಡೆಯವರು ತಾತ್ಕಾಲಿಕ ಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು ಒಂದು ರಹಸ್ಯಕ್ಕೆ ಬರುತ್ತಾರೆ. ಆ ಮಾತುಕತೆಯ ಒಟ್ಟು ಸಾರವನ್ನು ಒಂದು ಹ್ಯಾಶ್ ಆಗಿ ಹಿಂಡಲಾಗುತ್ತದೆ. ಸರ್ವರ್ ತನ್ನ ಹೋಸ್ಟ್ ಕೀಯಿಂದ ಅದಕ್ಕೆ ಸಹಿ ಹಾಕುತ್ತದೆ. ನಿಮ್ಮ ಯಂತ್ರ ನೋನ್ ಹೋಸ್ಟ್ಸ್ ಎಂಬ ಕಡತವನ್ನು ತೆರೆದು, ಹಿಂದೆ ನೋಡಿದ್ದ ಸರ್ವರ್ ಇದೇ ಹೌದೇ ಎಂದು ಪರೀಕ್ಷಿಸುತ್ತದೆ. ಆ ಹ್ಯಾಶ್‌ಗೆ ಸೆಷನ್ ಗುರುತು ಎಂದು ಹೆಸರು. ಅದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ನಿಮ್ಮ ಸರದಿ. ನಿಮ್ಮ ಯಂತ್ರ ಮೊದಲು ಸಹಿಯಿಲ್ಲದೆ ಕೇಳುತ್ತದೆ: ಈ ಸಾರ್ವಜನಿಕ ಕೀ ನಡೆಯುತ್ತದೆಯೇ? ಸರ್ವರ್ ಒಲ್ಲೆ ಎಂದರೆ ಇನ್ನೊಂದು ಕೀಯನ್ನು ತೋರಿಸುತ್ತದೆ. ಹತ್ತಾರು ಕೀಗಳನ್ನು ಒಟ್ಟು ಹಾಕಿಕೊಂಡವರಿಗೆ ಕೆಲವೊಮ್ಮೆ ಸರಿಯಾದ ಕೀ ಬರುವ ಮೊದಲೇ ಸಂಪರ್ಕ ಕಡಿದುಹೋಗುವುದು ಇದರಿಂದಲೇ. ಓಪನ್‌ಎಸ್‌ಎಸ್‌ಎಚ್ ಸರ್ವರ್ ಸಾಮಾನ್ಯವಾಗಿ 6 ಪ್ರಯತ್ನಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ಸರ್ವರ್ ಆಗಲಿ ಎಂದರೆ ನಿಮ್ಮ ಯಂತ್ರ ಸಹಿ ಮಾಡುತ್ತದೆ. ಯಾವುದಕ್ಕೆ? ಸೆಷನ್ ಗುರುತು, ಬಳಕೆದಾರರ ಹೆಸರು, ಬೇಕಾದ ಸೇವೆ, ವಿಧಾನದ ಹೆಸರು, ಸಾರ್ವಜನಿಕ ಕೀ, ಇಷ್ಟನ್ನೂ ಒಟ್ಟಿಗೆ ಕಟ್ಟಿದ ಒಂದು ಪೊಟ್ಟಣಕ್ಕೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಸರ್ವರ್ ಒಂದು ಸಂದೇಶವನ್ನು ನಿಮ್ಮ ಸಾರ್ವಜನಿಕ ಕೀಯಿಂದ ಗೂಢಲಿಪಿಗೆ ತಿರುಗಿಸಿ ಕಳಿಸುತ್ತದೆ, ನೀವು ಅದನ್ನು ಬಿಡಿಸಿ ಉತ್ತರಿಸುತ್ತೀರಿ ಎಂದು ಎಷ್ಟೋ ತರಗತಿಗಳಲ್ಲಿ ಇನ್ನೂ ಹೇಳಿಕೊಡುತ್ತಾರೆ. ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿಯಲ್ಲಿ ನಡೆಯುತ್ತಿದ್ದುದು ಅದು. ಎರಡನೆಯ ಆವೃತ್ತಿಯಲ್ಲಿರುವುದು ಸಹಿ. ಈ ಬದಲಾವಣೆ ಕೇವಲ ವಿವರದ್ದಲ್ಲ. ಸಹಿಯೊಳಗೆ ಸೆಷನ್ ಗುರುತು ಸೇರಿರುವುದರಿಂದ, ನಿಮ್ಮನ್ನು ದಾರಿ ತಪ್ಪಿಸಿ ತನ್ನ ಸರ್ವರಿಗೆ ಕರೆದೊಯ್ದ ಮೋಸಗಾರ ನಿಮ್ಮ ಸಹಿಯನ್ನು ಹಿಡಿದುಕೊಂಡು ನಿಜವಾದ ಸರ್ವರಿಗೆ ಹೋದರೂ ಅದು ಸಲ್ಲುವುದಿಲ್ಲ. ಅವನ ಜತೆಗಿನ ಮಾತುಕತೆಯ ಗುರುತೇ ಬೇರೆ, ಅಲ್ಲಿನ ಗುರುತೇ ಬೇರೆ. ಪಾಸ್‌ವರ್ಡಿಗೆ ಇಲ್ಲದ ರಕ್ಷಣೆ ಇದು.

ಇನ್ನೊಂದನ್ನೂ ಗಮನಿಸಿ. ಆ ಪೊಟ್ಟಣದಲ್ಲಿ ಬಳಕೆದಾರರ ಹೆಸರಿನ ಜಾಗದಲ್ಲಿ ಇರುವುದು ಗಿಟ್. ಅಂದರೆ ಸಹಿಗೊಂಡ ಇಡೀ ಮಾತಿನಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ. ಗಣಿತ ಸಾಬೀತುಪಡಿಸಿದ್ದು ಇಷ್ಟು: ಈ ಸಾರ್ವಜನಿಕ ಕೀಗೆ ಜೋಡಿಯಾದ ಖಾಸಗಿ ಕೀ ಈಗ ಸಂಪರ್ಕದ ಆಚೆ ತುದಿಯಲ್ಲಿದೆ. ಆ ತುದಿಯಲ್ಲಿ ಕೂತವರು ಯಾರು, ಅವರಿಗೆ ಏನನ್ನು ಮುಟ್ಟುವ ಅಧಿಕಾರವಿದೆ, ಈ ಎರಡರ ಬಗ್ಗೆಯೂ ಅದು ಮೌನ. ಹೆಸರು ಬರುವುದು ದಾಖಲೆ ಪುಸ್ತಕದಿಂದ.

ಆ ಪುಸ್ತಕದ ಮೂಲ ರೂಪ ಆಥರೈಸ್ಡ್ ಕೀಸ್ ಎಂಬ ಸಾದಾ ಕಡತ. ಒಂದು ಸಾಲಿಗೆ ಒಂದು ಕೀ. ಈ ಸಾಲಿನ ಆರಂಭದಲ್ಲಿ, ಕೀಗಿಂತ ಮೊದಲು, ಕೆಲವು ಷರತ್ತುಗಳನ್ನು ಬರೆಯಬಹುದು. ಅವುಗಳಲ್ಲಿ ಕಮಾಂಡ್ ಎಂಬುದೊಂದು: ಈ ಕೀ ಹಿಡಿದು ಬಂದವರು ಏನೇ ಕೇಳಲಿ, ಇಲ್ಲಿ ಬರೆದಿರುವ ಪ್ರೋಗ್ರಾಂ ಒಂದನ್ನೇ ಓಡಿಸು ಎಂಬ ಆಜ್ಞೆ. ಹಂಚಿಕೊಂಡ ಕೋಡ್ ಸರ್ವರುಗಳಲ್ಲಿ ಅನೇಕವು ನಿಂತಿರುವುದು ಈ ಒಂದು ಸೌಲಭ್ಯದ ಮೇಲೆ. ಇದನ್ನು ಅಚ್ಚುಕಟ್ಟಾಗಿ ಕಟ್ಟಿ ತೋರಿಸಿದವರಲ್ಲಿ ಒಬ್ಬರು ನಮ್ಮ ದೇಶದವರು, ಸೀತಾರಾಮ್ ಚಾಮರ್ತಿ. 2009ರಿಂದ ಬೆಳೆದುಬಂದ ಅವರ ಗಿಟೋಲೈಟ್ ಲಿನಕ್ಸ್ ಕರ್ನೆಲ್‌ನ ಮನೆಯಾದ ಕರ್ನೆಲ್ ಡಾಟ್ ಆರ್ಗ್‌ನಲ್ಲೂ ಬಳಕೆಗೆ ಬಂತು. ನಮ್ಮ ಕಾಲೇಜುಗಳಲ್ಲಿ ಅದರ ಹೆಸರು ಇನ್ನಷ್ಟು ಕೇಳಿಬರಬೇಕು.

ಗಿಟೋಲೈಟ್‌ನಲ್ಲಿ ಒಂದೊಂದು ಸಾಲೂ ಹೀಗಿರುತ್ತದೆ: ಗಿಟೋಲೈಟ್ ಶೆಲ್ ಎಂಬ ಪ್ರೋಗ್ರಾಂ ಓಡಿಸು, ಅದಕ್ಕೆ ಈ ವ್ಯಕ್ತಿಯ ಹೆಸರನ್ನು ಕೊಡು, ಟರ್ಮಿನಲ್ ಕೊಡಬೇಡ, ಪೋರ್ಟ್ ಫಾರ್ವರ್ಡಿಂಗ್ ಬೇಡ, ಆಮೇಲೆ ಕೀ. ನೀವು ಪುಶ್ ಮಾಡಿದಾಗ ನಿಮ್ಮ ಗಿಟ್ ಕೇಳುವುದು ಗಿಟ್ ರಿಸೀವ್ ಪ್ಯಾಕ್ ಎಂಬ ಆದೇಶವನ್ನು, ಜತೆಗೆ ರೆಪೊದ ಹೆಸರು. ಪುಲ್ ಮಾಡಿದರೆ ಗಿಟ್ ಅಪ್‌ಲೋಡ್ ಪ್ಯಾಕ್. ಸರ್ವರಿನ ಕಡೆಯಿಂದ ನೋಡಿ ಇಟ್ಟ ಹೆಸರುಗಳಾದ್ದರಿಂದ ನಮಗೆ ತಿರುಗುಮುರುಗಾಗಿ ಕಾಣುತ್ತವೆ. ಸರ್ವರ್ ಆ ಆದೇಶವನ್ನು ನೇರವಾಗಿ ಓಡಿಸುವುದಿಲ್ಲ. ಅದನ್ನು ಎಸ್‌ಎಸ್‌ಎಚ್ ಒರಿಜಿನಲ್ ಕಮಾಂಡ್ ಎಂಬ ಜಾಗದಲ್ಲಿ ಬರೆದಿಟ್ಟು ಗಿಟೋಲೈಟ್ ಶೆಲ್ ಅನ್ನು ಎಬ್ಬಿಸುತ್ತದೆ. ಈಗ ಆ ಪ್ರೋಗ್ರಾಂ ಕೈಯಲ್ಲಿ ಎರಡೂ ಇವೆ: ಬಂದವರ ಹೆಸರು, ಅವರು ಕೇಳಿದ್ದು. ಅದು ನಿಯಮಗಳನ್ನು ತೆರೆದು ನೋಡುತ್ತದೆ. ಓದುವ ಹಕ್ಕಿಗೆ 'ಆರ್', ಬರೆಯುವ ಹಕ್ಕೂ ಸೇರಿದರೆ 'ಆರ್‌ಡಬ್ಲ್ಯು', ಇತಿಹಾಸವನ್ನೇ ಹಿಂದೆ ಸರಿಸುವ ಅಧಿಕಾರವೂ ಇದ್ದರೆ ಅದರ ಮುಂದೊಂದು ಪ್ಲಸ್. ಹಕ್ಕಿದ್ದರೆ ನಿಜವಾದ ಗಿಟ್ ಆದೇಶ ಓಡುತ್ತದೆ, ಇಲ್ಲವಾದರೆ ಬಾಗಿಲು ಮುಚ್ಚುತ್ತದೆ.

ಎಸ್‌ಎಸ್‌ಎಚ್ ಆಥರೈಸ್ಡ್ ಕೀಸ್ ಕಡತವನ್ನು ಮೇಲಿನಿಂದ ಕೆಳಗೆ ಓದಿ, ಹೊಂದುವ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಒಂದೇ ಕೀಯನ್ನು ಇಬ್ಬರ ಹೆಸರಿನಲ್ಲಿ ಬರೆದರೆ ಎರಡನೆಯವರಿಗೆ ಎಂದೂ ಸರದಿ ಬಾರದು. ಅವರು ಯಾವಾಗಲೂ ಮೊದಲನೆಯವರಾಗಿಯೇ ಗುರುತಾಗುತ್ತಾರೆ. ಆಫೀಸಿನ ಖಾತೆಗೂ ಸ್ವಂತ ಖಾತೆಗೂ ಒಂದೇ ಕೀ ಹಾಕಲು ಹೋದಾಗ, ಕೀ ಈಗಾಗಲೇ ಬಳಕೆಯಲ್ಲಿದೆ ಎಂದು ಗಿಟ್‌ಹಬ್ ತಡೆಯುವುದು ಇದೇ ಕಾರಣಕ್ಕೆ. ಎಲ್ಲರ ಹೆಸರೂ ಗಿಟ್ ಆಗಿರುವಾಗ ಕೀಯೊಂದೇ ಗುರುತು; ಅದು ಇಬ್ಬರದಾದರೆ ಗುರುತೇ ಇಲ್ಲ. ಎರಡು ಖಾತೆ ಇರುವವರು ಎರಡು ಕೀ ಮಾಡಿಕೊಂಡು, ಎಸ್‌ಎಸ್‌ಎಚ್ ಕಾನ್ಫಿಗ್ ಕಡತದಲ್ಲಿ ಯಾವುದಕ್ಕೆ ಯಾವ ಕೀ ಎಂದು ಬರೆದು, ಐಡೆಂಟಿಟೀಸ್ ಓನ್ಲಿ ಎಂಬ ಸಾಲನ್ನೂ ಸೇರಿಸಬೇಕು. ಆ ಸಾಲಿಲ್ಲದಿದ್ದರೆ, ಕೀಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟ್‌ನಲ್ಲಿರುವ ಬೇರೆ ಕೀ ಮೊದಲು ಮುಂದೆ ಬಂದು, ನೀವು ಇನ್ನೊಬ್ಬರಾಗಿ ಒಳಹೊಕ್ಕಿರುತ್ತೀರಿ. ರೆಪೊ ಸಿಗಲಿಲ್ಲ ಎಂಬ ಸಂದೇಶ ನೋಡಿ ವಿಳಾಸ ತಪ್ಪೆಂದು ಹುಡುಕುತ್ತ ಕೂರುವವರು ಮೊದಲು ಎಸ್‌ಎಸ್‌ಎಚ್ ಡ್ಯಾಶ್ ಟಿ ಕೊಟ್ಟು, ಗಿಟ್‌ಹಬ್ ನಮಸ್ಕಾರ ಹೇಳುವುದು ಯಾರ ಹೆಸರಿಗೆ ಎಂದು ನೋಡಬೇಕು.

ಸಾಲುಗಳು ಲಕ್ಷ ದಾಟಿದರೆ ಕಡತವನ್ನು ಮೇಲಿನಿಂದ ಓದುವುದು ತಡವಾಗುತ್ತದೆ. ಗಿಟ್‌ಹಬ್ 2009ರ ಹೊತ್ತಿಗೇ ಎಸ್‌ಎಸ್‌ಎಚ್ ಸರ್ವರನ್ನು ತಿದ್ದಿ, ಕೀಯನ್ನು ನೇರ ಡೇಟಾಬೇಸಿನಲ್ಲಿ ಹುಡುಕುವಂತೆ ಮಾಡಿಕೊಂಡಿತ್ತು. 2013ರಲ್ಲಿ ಓಪನ್‌ಎಸ್‌ಎಸ್‌ಎಚ್ ತಾನೇ ಅಂಥ ಸೌಲಭ್ಯ ಕೊಟ್ಟಿತು. ಪುಸ್ತಕ ಡೇಟಾಬೇಸ್ ಆಯಿತು, ಅದಕ್ಕೆ ಕೀ ಸೇರಿಸುವ ಕೆಲಸ ವೆಬ್ ಪುಟದ ಒಂದು ಫಾರ್ಮಿನ ಪಾಲಿಗೆ ಬಂತು.

2012ರ ಮಾರ್ಚ್ 4ರ ಭಾನುವಾರ ಆದದ್ದನ್ನು ನಾನು ಸ್ವಲ್ಪ ವಿವರವಾಗಿ ಹೇಳಲು ಬಯಸುತ್ತೇನೆ. ಗಿಟ್‌ಹಬ್ ಕಟ್ಟಿದ್ದು ರೂಬಿ ಆನ್ ರೇಲ್ಸ್ ಎಂಬ ಚೌಕಟ್ಟಿನಲ್ಲಿ. ಫಾರ್ಮಿನಿಂದ ಬಂದ ವಿವರಗಳನ್ನೆಲ್ಲ ಒಟ್ಟಿಗೆ ಡೇಟಾಬೇಸಿಗೆ ಬರೆಯುವ ಒಂದು ಅನುಕೂಲ ರೇಲ್ಸ್‌ನಲ್ಲಿತ್ತು. ಪ್ರೋಗ್ರಾಮರ್ ಮರೆತರೆ, ಬರಬಾರದ ವಿವರಗಳೂ ಅದೇ ದಾರಿಯಲ್ಲಿ ಒಳಬರುತ್ತಿದ್ದವು. ರಷ್ಯಾದ ತರುಣ ಯೆಗೋರ್ ಹೊಮಕೋವ್ ಇದು ಅಪಾಯಕಾರಿ ಎಂದು ರೇಲ್ಸ್ ತಂಡಕ್ಕೆ ಹೇಳಿದ್ದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಆಗ ಅವರು ಗಿಟ್‌ಹಬ್‌ನ ಸಾರ್ವಜನಿಕ ಕೀ ತಿದ್ದುವ ಫಾರ್ಮನ್ನೇ ಬಳಸಿ, ತಮ್ಮ ಕೀಯನ್ನು ರೇಲ್ಸ್ ಸಂಸ್ಥೆಯ ಖಾತೆಯ ಹೆಸರಿಗೆ ಬರೆಸಿಬಿಟ್ಟರು. ಆಮೇಲೆ ಪುಶ್ ಮಾಡಿ, ರೇಲ್ಸ್‌ನ ಮೂಲ ರೆಪೊದಲ್ಲಿ ಒಂದು ಹೊಸ ಕಡತ ಇಟ್ಟು ತೋರಿಸಿದರು. ಯಾವ ಗೂಢಲಿಪಿಯನ್ನೂ ಅವರು ಮುರಿಯಲಿಲ್ಲ, ಯಾರ ಖಾಸಗಿ ಕೀಯನ್ನೂ ಕದಿಯಲಿಲ್ಲ. ಅವರ ಸಹಿ ಸಾಚಾ ಆಗಿತ್ತು, ಸರ್ವರ್ ಅದನ್ನು ಸರಿಯಾಗಿಯೇ ತಾಳೆ ನೋಡಿತು. ಸುಳ್ಳು ಇದ್ದದ್ದು ಪುಸ್ತಕದ ಒಂದು ಸಾಲಿನಲ್ಲಿ. ಗಿಟ್‌ಹಬ್ ಕೂಡಲೇ ದೋಷ ಸರಿಪಡಿಸಿತು. ಕೆಲವೇ ದಿನಗಳಲ್ಲಿ ಎಲ್ಲರ ಕೀಗಳನ್ನೂ ತಡೆಹಿಡಿದು, ಒಬ್ಬೊಬ್ಬರೂ ತಮ್ಮ ಹೆಸರಿನಲ್ಲಿರುವ ಕೀಗಳನ್ನು ನೋಡಿ ಹೌದು ಇದು ನನ್ನದೇ ಎಂದು ಒಪ್ಪಬೇಕೆಂದು ಕೇಳಿತು. ಅದು ಸರಿಯಾದ ಕ್ರಮ, ಏಕೆಂದರೆ ಯಾವ ಸಾಲು ನಿಜ ಎಂದು ಬಲ್ಲವರು ಆ ಕೀಯ ಒಡೆಯರು ಮಾತ್ರ.

ಗಣಿತದ ಕಡೆ ಬಿರುಕೇ ಬಿಡಲಿಲ್ಲ ಎಂದೇನೂ ಅಲ್ಲ. 2006ರ ಸೆಪ್ಟೆಂಬರಿನಿಂದ 2008ರ ಮೇವರೆಗೆ ಡೆಬಿಯನ್ ಲಿನಕ್ಸಿನ ಓಪನ್‌ಎಸ್‌ಎಸ್‌ಎಲ್‌ನಲ್ಲಿ, ಪರೀಕ್ಷಾ ಸಾಧನವೊಂದರ ಎಚ್ಚರಿಕೆ ನಿಲ್ಲಿಸಲು ಮಾಡಿದ ಸಣ್ಣ ತಿದ್ದುಪಡಿಯಿಂದ, ಕೀ ಹುಟ್ಟಿಸಲು ಬೇಕಾದ ಯಾದೃಚ್ಛಿಕತೆಯೇ ಬತ್ತಿಹೋಯಿತು. ಪ್ರೋಸೆಸ್ ಸಂಖ್ಯೆಯೊಂದೇ ಉಳಿಯಿತು. ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಗಳು 32,768ಕ್ಕಿಂತ ಹೆಚ್ಚು ಇರಲು ಸಾಧ್ಯವಿರಲಿಲ್ಲ. ಅಷ್ಟನ್ನೂ ಪಟ್ಟಿ ಮಾಡಿಬಿಡಬಹುದು. ಲೂಸಿಯಾನೋ ಬೆಲ್ಲೋ ಇದನ್ನು ಪತ್ತೆ ಹಚ್ಚಿದರು. ತಿದ್ದಿದ ಆವೃತ್ತಿ ಬಂತು, ಎಲ್ಲೆಡೆ ಎಚ್ಚರಿಕೆ ಹೋಯಿತು. ಆದರೆ ಏಳು ವರ್ಷ ಕಳೆದು 2015ರಲ್ಲಿ ಒಬ್ಬ ಸಂಶೋಧಕರು ಗಿಟ್‌ಹಬ್ ಬಳಕೆದಾರರ ಸಾರ್ವಜನಿಕ ಕೀಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆ ದುರ್ಬಲ ಕೀಗಳು ಇನ್ನೂ ಅಲ್ಲಿದ್ದವು. ಗಣಿತದ ತಪ್ಪನ್ನು ತಿದ್ದಿದ ಮೇಲೂ ಪುಸ್ತಕದ ಹಳೆಯ ಸಾಲುಗಳನ್ನು ಯಾರೂ ಅಳಿಸಿರಲಿಲ್ಲ.

ಆ ಸಂಶೋಧಕರಿಗೆ ಕೀಗಳನ್ನು ಒಟ್ಟುಗೂಡಿಸಲು ಸಾಧ್ಯವಾದದ್ದಾದರೂ ಹೇಗೆ? ಗಿಟ್‌ಹಬ್‌ನಲ್ಲಿ ಯಾರದೇ ಪುಟದ ವಿಳಾಸದ ಕೊನೆಗೆ ಡಾಟ್ ಕೀಸ್ ಎಂದು ಸೇರಿಸಿದರೆ ಅವರ ಸಾರ್ವಜನಿಕ ಕೀಗಳು ಕಾಣುತ್ತವೆ. ಇದರಿಂದ ಯಾರೂ ನಿಮ್ಮಂತೆ ಲಾಗಿನ್ ಆಗಲಾರರು. ಆದರೆ ನಿಮ್ಮ ಯಂತ್ರ ಸಿಕ್ಕ ಸಿಕ್ಕ ಸರ್ವರಿಗೆಲ್ಲ ತನ್ನ ಕೀಗಳನ್ನು ತೋರಿಸುತ್ತ ಹೋಗುತ್ತದೆ ಎಂದೆನಲ್ಲ, ಆ ಸರ್ವರುಗಳು ಅದನ್ನು ಈ ಪಟ್ಟಿಗೆ ಹೋಲಿಸಿ ನೀವು ಯಾರೆಂದು ತಿಳಿಯಬಹುದು. ಫಿಲಿಪ್ಪೋ ವಲ್ಸೋರ್ಡಾ 2015ರಲ್ಲಿ ಅಂಥದೇ ಒಂದು ಸರ್ವರ್ ಮಾಡಿ ಜಗತ್ತಿಗೆ ತೋರಿಸಿದರು. ಸಂಪರ್ಕಿಸಿದವರನ್ನು ಅದು ಹೆಸರು ಹಿಡಿದು ಕರೆಯುತ್ತಿತ್ತು.

ಸರ್ವರಿನ ಗುರುತೂ ಕೈತಪ್ಪಬಹುದು. ಗಿಟ್‌ಹಬ್‌ನ ಆರ್‌ಎಸ್‌ಎ ಹೋಸ್ಟ್ ಕೀಯ ಖಾಸಗಿ ಭಾಗ ಒಂದು ಸಾರ್ವಜನಿಕ ರೆಪೊದಲ್ಲಿ ಸ್ವಲ್ಪ ಹೊತ್ತು ಬಯಲಾಗಿ, 2023ರ ಮಾರ್ಚ್ 24ರಂದು ಅದನ್ನು ಬದಲಿಸಬೇಕಾಯಿತು. ಅಂದು ಜಗತ್ತಿನಾದ್ಯಂತ ಡೆವಲಪರ್‌ಗಳ ಪರದೆಯ ಮೇಲೆ, ಸರ್ವರಿನ ಗುರುತು ಬದಲಾಗಿದೆ ಎಂಬ ದೊಡ್ಡಕ್ಷರದ ಎಚ್ಚರಿಕೆ ಕಂಡಿತು. ಆ ಕೀ ಸಿಕ್ಕವರು ಗಿಟ್‌ಹಬ್‌ನ ಸೋಗು ಹಾಕಿ ನಿಮ್ಮ ಪುಶ್ ಅನ್ನು ಸ್ವೀಕರಿಸಬಹುದಿತ್ತು, ಕೋಡ್ ಓದಬಹುದಿತ್ತು. ನಿಮ್ಮ ಖಾಸಗಿ ಕೀಯನ್ನು ಪಡೆಯಲಾಗುತ್ತಿರಲಿಲ್ಲ, ನಿಮ್ಮ ಹೆಸರಿನಲ್ಲಿ ನಿಜವಾದ ಗಿಟ್‌ಹಬ್‌ಗೆ ನುಗ್ಗಲೂ ಆಗುತ್ತಿರಲಿಲ್ಲ. ಆ ಎಚ್ಚರಿಕೆ ಕಂಡಾಗ ನೋನ್ ಹೋಸ್ಟ್ಸ್‌ನ ಸಾಲನ್ನು ಕಣ್ಣುಮುಚ್ಚಿ ಅಳಿಸುವ ರೂಢಿ ನಮ್ಮಲ್ಲಿ ಬಹಳ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ವರ್ ನಡೆಸುವವರು ಪ್ರಕಟಿಸಿದ ಕೀಯ ಬೆರಳಚ್ಚನ್ನು, ಅಂದರೆ ಫಿಂಗರ್‌ಪ್ರಿಂಟನ್ನು, ತಾಳೆ ನೋಡಿ, ಆಮೇಲೆ ಒಪ್ಪಿ.

ಪುಸ್ತಕವನ್ನು ಚೆನ್ನಾಗಿ ಇಡುವುದು ಹೇಗೆಂಬುದಕ್ಕೆ ಮಾದರಿಯೂ ಇದೆ. ಕರ್ನೆಲ್ ಡಾಟ್ ಆರ್ಗ್‌ಗೆ 2011ರ ಆಗಸ್ಟ್‌ನಲ್ಲಿ ಕಳ್ಳರು ನುಗ್ಗಿದ್ದು ಪತ್ತೆಯಾದಾಗ, ಅಲ್ಲಿ ಖಾತೆಯಿದ್ದ 448 ಜನರ ಕೀಗಳನ್ನೂ ಬದಲಿಸಬೇಕಾಯಿತು. ಆಮೇಲೆ ಅಲ್ಲಿನವರು ಗಿಟ್‌ಗಾಗಿ ಎಲ್ಲರಿಗೂ ಶೆಲ್ ಕೊಡುವ ಪದ್ಧತಿ ಬಿಟ್ಟು ಗಿಟೋಲೈಟ್ ಕಡೆಗೆ ಬಂದರು. ಆ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಅಂಶವಿದೆ. ಅದರ ದಾಖಲೆ ಪುಸ್ತಕವೇ ಒಂದು ಗಿಟ್ ರೆಪೊ. ಕೀಡಿರ್ ಎಂಬ ಫೋಲ್ಡರಿನಲ್ಲಿ ಒಬ್ಬೊಬ್ಬರ ಕೀ ಒಂದೊಂದು ಕಡತ. ಯಾರ ಕೀ ಯಾವ ದಿನ ಸೇರಿತು, ಯಾರು ಸೇರಿಸಿದರು, ಯಾವಾಗ ತೆಗೆದರು ಎಂಬುದೆಲ್ಲ ಇತಿಹಾಸದಲ್ಲಿ ಉಳಿಯುತ್ತದೆ. ಕಾಲೇಜಿನ ಲ್ಯಾಬಿಗೆ ಸ್ವಂತ ಕೋಡ್ ಸರ್ವರ್ ಕಟ್ಟಬೇಕೆಂದಿರುವ ಅಧ್ಯಾಪಕರು ಇಲ್ಲಿಂದ ಶುರು ಮಾಡಬಹುದು. ಲ್ಯಾಬಿಗೆಲ್ಲ ಒಂದೇ ಕೀ ಹಂಚುವ ಅಭ್ಯಾಸವನ್ನು ಅಂದೇ ನಿಲ್ಲಿಸಬಹುದು.

ವಿದ್ಯಾರ್ಥಿಗಳಿಗೆ ಬೇಗ ಬೇಗ ಒಂದೆರಡು ಮಾತು. ಒಂದು ಯಂತ್ರಕ್ಕೆ ಒಂದು ಕೀ ಇರಲಿ. ಲ್ಯಾಪ್‌ಟಾಪ್ ಕಳೆದರೆ ಆ ಒಂದು ಸಾಲನ್ನಷ್ಟೇ ಅಳಿಸಿದರೆ ಸಾಕು. ಖಾಸಗಿ ಕೀಗೆ ಪಾಸ್‌ಫ್ರೇಸ್ ಹಾಕಿ; ಮತ್ತೆ ಮತ್ತೆ ಟೈಪ್ ಮಾಡುವ ಕಷ್ಟವನ್ನು ಎಸ್‌ಎಸ್‌ಎಚ್ ಏಜೆಂಟ್ ತಪ್ಪಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಖಾಸಗಿ ಕೀ ಕಳಿಸಿ ಎಂದು ಯಾರಾದರೂ ಕೇಳಿದರೆ, ಅವರು ಸೀನಿಯರ್ ಆಗಿದ್ದರೂ, ಕಳಿಸಬೇಡಿ. ಸರ್ವರಿಗೆ ಬೇಕಾಗುವುದು ಡಾಟ್ ಪಬ್ ಮಾತ್ರ.

ಕೊನೆಯದಾಗಿ, ಪುಶ್ ಮಾಡಿದವರ ಗುರುತೂ ಕಮಿಟ್‌ನ ಮೇಲಿರುವ ಹೆಸರೂ ಬೇರೆ ಬೇರೆ. ಕಮಿಟ್‌ನ ಹೆಸರನ್ನು ನಿಮ್ಮ ಯಂತ್ರದ ಗಿಟ್ ಕಾನ್ಫಿಗ್ ಬರೆಯುತ್ತದೆ. ಅಲ್ಲಿ ಯಾರ ಹೆಸರನ್ನು ಬೇಕಾದರೂ ಹಾಕಬಹುದು. ಎಸ್‌ಎಸ್‌ಎಚ್ ಅದನ್ನು ನೋಡುವುದೇ ಇಲ್ಲ. ಈ ಕೊರತೆ ತುಂಬಲು 2021ರ ನವೆಂಬರಿನ ಗಿಟ್ 2.34ರಲ್ಲಿ, ಅದೇ ಎಸ್‌ಎಸ್‌ಎಚ್ ಕೀಯಿಂದ ಕಮಿಟ್‌ಗೂ ಸಹಿ ಹಾಕುವ ಸೌಲಭ್ಯ ಬಂತು. ಮರುವರ್ಷ ಗಿಟ್‌ಹಬ್ ಅದನ್ನು ಪರಿಶೀಲಿಸತೊಡಗಿತು. ಇದಕ್ಕೂ ಒಂದು ಪುಸ್ತಕ ಬೇಕು. ಅದರ ಹೆಸರು ಅಲೋಡ್ ಸೈನರ್ಸ್. ಅದರ ಒಂದು ಸಾಲಿನಲ್ಲಿ ಇಮೇಲ್ ಮತ್ತು ಕೀ ಅಷ್ಟೇ ಅಲ್ಲ, ಆ ಕೀ ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುತ್ತದೆ ಎಂದೂ ಬರೆಯಬಹುದು. ಹಾಗಾಗಿ ತಂಡ ಬಿಟ್ಟುಹೋದವರ ಕೀ ಆ ಅವಧಿಯ ನಂತರದ ದಿನಾಂಕ ಹೊತ್ತ ಕಮಿಟ್‌ಗಳಿಗೆ ಸಲ್ಲುವುದಿಲ್ಲ, ಇದ್ದಾಗ ಅವರು ಬರೆದ ಕೋಡ್ ಅವರದೇ ಎಂಬುದಕ್ಕೆ ಸಾಕ್ಷಿ ಹಾಗೆಯೇ ಉಳಿಯುತ್ತದೆ.